ಮಳೆಗೆ ಕಾಫಿ ಉದುರಿದರೆ ದೇವರ ಶಿಕ್ಷೆಯೇ?

ಸಕಲೇಶಪುರದ ತೋಟದಲ್ಲಿ ಮಳೆಗೆ ಕಾಯಿ ಉದುರಿತು, ಪ್ರಾರ್ಥನಾ ಕೂಟದಲ್ಲಿ ಒಬ್ಬರು ‘ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಓದಿ, ಇದು ನಿಮ್ಮ ಪಾಪದ ಶಿಕ್ಷೆ’ ಅಂದರು ಎಂದು ಬರೆದಿದ್ದೀರಿ. ಅವರು ಹಾಗೆ ಹೇಳಬಾರದಿತ್ತು.

‘ಶಿಕ್ಷೆ’ ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದ ‘ಪೈದೇಯಾ’: ಮಗುವನ್ನು ತಿದ್ದಿ ಬೆಳೆಸುವುದು. ‘ಶಿಕ್ಷೆ’ ಅಂದರೆ ನಮಗೆ ಕೋರ್ಟೇ ನೆನಪಾಗುತ್ತದೆ, ‘ಶಿಕ್ಷಣ’ ನೆನಪಾಗುವುದಿಲ್ಲ. ಎರಡು ಅಧ್ಯಾಯ ಹಿಂದೆ ಹೋಗಿ, 10:32-34 ನೋಡಿ. ಆ ಪತ್ರ ಓದಿದವರು ಆಸ್ತಿ ಕಳೆದುಕೊಂಡದ್ದು ನಂಬಿಕೆಗಾಗಿ, ಪಾಪಕ್ಕಾಗಿ ಅಲ್ಲ. ಯೆರೂಸಲೇಮಿನ ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಯೇಸುವೇ ಹೇಳಿದ (ಲೂಕ 13:4-5).

ಯೋಹಾನ 15:2 ನಿಮಗೆ ಬೇಗ ಹಿಡಿಸೀತು: ಕತ್ತರಿ ಬೀಳುವುದು ಫಲ ಕೊಡುವ ಕೊಂಬೆಗೇ. ಕಾಫಿ ಗಿಡದ ರೆಂಬೆ ಕತ್ತರಿಸಿ ಕಸಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪ್ರತಿ ನಷ್ಟವೂ ಕತ್ತರಿಯೇ ಅಂತಲೂ ಅಲ್ಲ.

ನಿರ್ದಿಷ್ಟ ತಪ್ಪು ಮನಸ್ಸಿಗೆ ಬಂದರೆ ಅರಿಕೆ ಮಾಡಿ, ಸರಿಪಡಿಸಿ. ಇಲ್ಲದ ತಪ್ಪನ್ನು ಹುಡುಕಬೇಡಿ. ಬಲವಂತದ ಸಂತೋಷವೂ ಬೇಡ, ತಿದ್ದುಪಾಟು ಆ ಹೊತ್ತಿಗೆ ದುಃಖವೇ ಎಂದು ಇಬ್ರಿಯ 12:11 ಒಪ್ಪುತ್ತದೆ. ಒಂದು ವಾರ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಬರೀ 6 ವಚನ, ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂಬ ಕೇಳಿಕೆ ನಾಲ್ಕು ಸಲ. ಜೊತೆಗೆ ಬೆಳೆ ಪರಿಹಾರದ ಅರ್ಜಿಯನ್ನೂ ಹಾಕಿ, ಅದು ಅಪನಂಬಿಕೆಯಲ್ಲ.