ಕಲಂ 110 ಮತ್ತು ಕಡಲಕಟ್ಟೆಯ ಜೋಡಿಗಳು

ಪತ್ರ: ಮುಂಬಯಿಯ ಪರೇಲಿನಲ್ಲಿ ಚಾಳಿನ, ಅಂದರೆ ವಠಾರದ, ಒಂದೇ ಖೋಲಿಯಲ್ಲಿ ಎಂಟು ಜನರ ನಡುವೆ ಸಂಸಾರ ಹೂಡಿದ ಕಾಲದವನು ನಾನು. ಈಗ ಮೊಮ್ಮಕ್ಕಳೊಡನೆ ಮರೈನ್ ಡ್ರೈವ್‌ಗೆ ಹೋದರೆ ಕಟ್ಟೆಯುದ್ದಕ್ಕೂ ಅಂಟಿಕೊಂಡು ಕುಳಿತ ಜೋಡಿಗಳು. ಇದಕ್ಕೊಂದು ಬಿಗಿ ಕಾನೂನು ಬೇಡವೇ? – ಹಿರಿಯ ಓದುಗರು, ಡೊಂಬಿವಲಿ

ಉತ್ತರ: ಕಾನೂನು ಇದೆ ರಾಯರೇ, 1951ರಿಂದಲೇ ಇದೆ. ಅಂದಿನ ಮುಂಬಯಿ ಪೊಲೀಸ್ ಕಾಯ್ದೆಗೆ ಈಗ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಎಂದು ಹೆಸರು. ಬೀದಿಯಲ್ಲಿ ಅಸಭ್ಯವಾಗಿ ನಡೆದುಕೊಳ್ಳಬಾರದು, ಗದ್ದಲ ಎಬ್ಬಿಸಬಾರದು ಎನ್ನುತ್ತದೆ ಅದರ 110ನೆಯ ಕಲಂ. ತಪ್ಪಿದರೆ 1,200 ರೂಪಾಯಿವರೆಗೆ ದಂಡ. ಅಸಭ್ಯ ಯಾವುದು ಎಂಬುದನ್ನು ಮಾತ್ರ ಆ ಹೊತ್ತಿನ ಹವಾಲ್ದಾರನ ಮರ್ಜಿಗೆ ಬಿಟ್ಟಿದೆ.

ಕುಡಿದು ರಂಪ ಮಾಡುವವನನ್ನು, ಲೋಕಲ್ ರೈಲಿನಲ್ಲಿ ಹೆಂಗಸರನ್ನು ಕಾಡುವವನನ್ನು ಹಿಡಿಯಲೇಬೇಕು, ತಕರಾರಿಲ್ಲ. ಆದರೆ 2015ರ ಆಗಸ್ಟ್ ನೆನಪಿದೆಯೇ? ಮುಂಬಯಿಯ ಕಡಲತೀರದ ಮಡ್, ಅಕ್ಸಾ ಕಡೆಯ ಹೋಟೆಲುಗಳಿಂದ ಸುಮಾರು ನಲವತ್ತು ಜೋಡಿಗಳನ್ನು ಪೊಲೀಸರು ಎಳೆದೊಯ್ದರು. ಅನೇಕರ ಮೇಲೆ ಹಾಕಿದ್ದು ಇದೇ 110. ಬಾಡಿಗೆ ಕೊಟ್ಟು ಚಿಲಕ ಹಾಕಿಕೊಂಡ ಕೋಣೆಯೂ ಸಾರ್ವಜನಿಕ ಸ್ಥಳವಾಗಿಬಿಟ್ಟಿತು!

ಈ ಕಲಮಿನ ರುಚಿ ನನಗೂ ಗೊತ್ತು. ಹದಿನೇಳರ ವಯಸ್ಸು, ಹಗಲು ಹೋಟೆಲಿನಲ್ಲಿ ಮೇಜು ಒರೆಸುವುದು, ಸಂಜೆ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆ. ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ನನ್ನದು ಕೌರವನ ವೇಷ. ಮಲಗುವುದು ಹನ್ನೆರಡು ಮಂದಿಯ ಜೊತೆ ಅದೇ ಮೇಜುಗಳ ಮೇಲೆ, ಅಲ್ಲಿ ಅರ್ಥ, ಅಂದರೆ ವೇಷದ ಮಾತು, ಹೇಳಿ ಅಭ್ಯಾಸ ಮಾಡುವುದೆಲ್ಲಿ? ಖಾಲಿ ರಸ್ತೆಯಲ್ಲಿ ನಿಂತು ಭೀಮನನ್ನು ಮೂದಲಿಸಿದೆ. ಹವಾಲ್ದಾರನಿಗೆ ಕನ್ನಡ ಬರುತ್ತಿರಲಿಲ್ಲ, ಭೀಮನೂ ಕಾಣಿಸಲಿಲ್ಲ. ಚೌಕಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹದಿನೈದು ರೂಪಾಯಿ ದಂಡ. ಮಾಲೀಕರು ಕಟ್ಟಿ ಬಿಡಿಸಿದರು, ಸಂಬಳದಲ್ಲಿ ಮುರಿದುಕೊಂಡರು. ಅದೇ ವಾರ ನಮ್ಮ ಗಲ್ಲಿಯಲ್ಲಿ ಪುಢಾರಿಯೊಬ್ಬರ ಸತ್ಕಾರಕ್ಕೆ ನಡುರಾತ್ರಿಯವರೆಗೆ ಧ್ವನಿವರ್ಧಕ ಅರಚಿತು. ಅದನ್ನು ಯಾರೂ ಗದ್ದಲ ಎನ್ನಲಿಲ್ಲ, ಇಂದಿಗೂ ಎನ್ನುವುದಿಲ್ಲ.

ಸಮುದ್ರ ಕಾಣುವ ಬಾಲ್ಕನಿ ಉಳ್ಳವರು ಮಾತಾಡಲು ಕಟ್ಟೆಗೆ ಬರುವುದಿಲ್ಲ ರಾಯರೇ. ಬರುವವರು ನಿಮ್ಮ ಡೊಂಬಿವಲಿಯಿಂದ, ವಿರಾರದಿಂದ, ಮನೆಯಲ್ಲಿ ಕದವಿರುವ ಒಂದು ಮೂಲೆಯೂ ಇಲ್ಲದವರು. ಈ ಊರಿನಲ್ಲಿ ಕಾಸು ಕೊಡದೆ ಕೂರಲು ಉಳಿದಿರುವ ಜಾಗಗಳಾದರೂ ಎಷ್ಟು? ಗಗನಚುಂಬಿ ಕಟ್ಟಡಗಳು ಏಳುತ್ತಿವೆ, ಬೆಂಚುಗಳು ಮಾಯವಾಗುತ್ತಿವೆ. ಅದರ ಬಗ್ಗೆಯೂ ನೀವೊಂದು ಪತ್ರ ಬರೆಯಬಹುದಿತ್ತು.

ಅಂದ ಹಾಗೆ, ಎಂಟು ಜನರ ಆ ಖೋಲಿಯಿಂದ ಸಂಜೆ ಹೊರಬಿದ್ದು, ಮನೆಯವರೊಡನೆ ನಾಲ್ಕು ಮಾತಾಡಲು ನೀವು ಎಲ್ಲಿಗೆ ಹೋಗುತ್ತಿದ್ದಿರಿ?