ಲಾರಿ ಚಾಲಕರ ಹಾಡುಗಳಿಗೆ ಹೆಸರಾದ ಡೇವ್ ಡಡ್ಲಿ ಯಾರು? ಅವರೂ ಲಾರಿ ಓಡಿಸುತ್ತಿದ್ದರೇ?

ಡಡ್ಲಿ ಮೊದಲು ಬೇಸ್‌ಬಾಲ್ ಆಟಗಾರ, ಲಾರಿ ಚಾಲಕರಲ್ಲ. ಹುಟ್ಟಿದ್ದು 1928ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ತೋಳಿಗೆ ಪೆಟ್ಟಾಗಿ ಆಟ ಕೈತಪ್ಪಿತು, ರೇಡಿಯೊ ಮತ್ತು ಹಾಡು ಕೈಹಿಡಿದವು. 1960ರಲ್ಲಿ ಕಾರೊಂದು ಗುದ್ದಿ ತಿಂಗಳುಗಟ್ಟಲೆ ಹಿನ್ನಡೆ.

ದೆಸೆ ತಿರುಗಿಸಿದ್ದು 1963ರ ‘ಸಿಕ್ಸ್ ಡೇಸ್ ಆನ್ ದ ರೋಡ್’. ಬರೆದವರು ಅರ್ಲ್ ಗ್ರೀನ್, ಕಾರ್ಲ್ ಮಾಂಟ್ಗೊಮರಿ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ ಹಾಡುಗಳ) ಪಟ್ಟಿಯಲ್ಲಿ 2ನೇ ಸ್ಥಾನ, ಪಾಪ್ ಪಟ್ಟಿಯಲ್ಲಿ 32. ಬರೆಯದೆ ಬಾಕಿ ಉಳಿದ ಲಾಗ್ ಬುಕ್ (ಓಡಿಸಿದ ಹೊತ್ತಿನ ಲೆಕ್ಕದ ಪುಸ್ತಕ), ಲಾರಿ ತೂಗುವ ಕಟ್ಟೆ ತಪ್ಪಿಸುವ ಉಪಾಯ, ನಿದ್ದೆ ಓಡಿಸುವ ಬಿಳಿ ಗುಳಿಗೆ: ಚಾಲಕರ ಗುಟ್ಟೆಲ್ಲ ಅದರಲ್ಲಿದೆ. ಅದಕ್ಕೇ ಅವರು ಅದನ್ನು ತಮ್ಮದೇ ಹಾಡೆಂದುಕೊಂಡರು.

ತಮಾಷೆಯೆಂದರೆ, ಡಡ್ಲಿಗೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ತಂದುಕೊಟ್ಟದ್ದು ಲಾರಿಯಲ್ಲ, ಬಿಲಿಯರ್ಡ್ಸ್‌ನಂಥ ಪೂಲ್ ಆಟ: 1970ರ ‘ದ ಪೂಲ್ ಶಾರ್ಕ್’. ತೀರಿಕೊಂಡದ್ದು 2003ರಲ್ಲಿ.