ಬೆಟ್ಟವಿಲ್ಲದ ನಾಡಿನ ಗೆರಿಲ್ಲಾಗಳು

ಪ್ರಶ್ನೆ: ಗೋವಾ ಎರಡು ದಿನಗಳಲ್ಲಿ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ಆಫ್ರಿಕಾದ ಪುಟ್ಟ ಗಿನಿ-ಬಿಸಾವ್ 11 ವರ್ಷ ಕಾದಾಡಬೇಕಾಯಿತಂತೆ, ಏಕೆ? ಅಲ್ಲಿ ಬೆಟ್ಟಗಳೂ ಇಲ್ಲವೆನ್ನುತ್ತಾರೆ, ಗೆರಿಲ್ಲಾಗಳು ಅಡಗಿದ್ದೆಲ್ಲಿ? ಬಂದೂಕಿನಿಂದ ಬಂದ ಆ ಸ್ವಾತಂತ್ರ್ಯದ ಗತಿ ಏನಾಯಿತು?
– ಓದುಗರೊಬ್ಬರು, ಅಂಕೋಲಾ

ಉತ್ತರ: ಗೋವಾದ ಮಾತನ್ನು ಬೇಗ ಮುಗಿಸುತ್ತೇನೆ. 1961ರ ಡಿಸೆಂಬರ್‌ನಲ್ಲಿ ಅಲ್ಲಿಗೆ ನುಗ್ಗಿದ್ದು ಭಾರತದ ಸೇನೆ. ಗಿನಿ-ಬಿಸಾವ್‌ನವರ ಬೆನ್ನಿಗೆ ಅಂಥ ಸೇನೆ ಇರಲಿಲ್ಲ. ಅಂದಹಾಗೆ, ಆ ಎರಡು ದಿನಗಳಿಗೂ ಎಷ್ಟೋ ಮೊದಲು, 1955ರಲ್ಲಿ, ಗುಂಡಿಗೆ ಬಲಿಯಾದ ಸತ್ಯಾಗ್ರಹಿಗಳಿದ್ದಾರೆ, ಅವರನ್ನು ಲೆಕ್ಕದಿಂದ ಬಿಡಬೇಡಿ.

ಅಡಗಿದ್ದೆಲ್ಲಿ ಎಂಬ ಪ್ರಶ್ನೆ ಕೃಷಿ ಇಲಾಖೆಯಲ್ಲಿ ಸವೆದ ನನಗೆ ಹೆಚ್ಚು ಹತ್ತಿರದ್ದು. ಅಘನಾಶಿನಿ ನದಿಯ ಗಜನಿ ಗದ್ದೆಗಳನ್ನು ನೀವು ನೋಡಿಯೇ ಇರುತ್ತೀರಿ. ಭರತದ ಉಪ್ಪುನೀರನ್ನು ಒಡ್ಡು ಹಾಕಿ ತಡೆದು, ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರಲ್ಲ, ಗಿನಿ-ಬಿಸಾವ್ ಕರಾವಳಿಯ ಬಲಾಂತ ಜನಾಂಗದ ರೈತರದ್ದೂ ಹೆಚ್ಚುಕಡಿಮೆ ಅದೇ ಬೇಸಾಯ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು, ಉದ್ದ ಹಿಡಿಯ ಮರದ ಸಲಿಕೆಯಿಂದ ಕೆಸರು ಎತ್ತಿ ಒಡ್ಡು ಕಟ್ಟುತ್ತಾರೆ. ಕೆಸರು, ಕಾಂಡ್ಲಾ, ಕವಲೊಡೆದ ಹಿನ್ನೀರು: ಪರದೇಶದ ಸಿಪಾಯಿಯ ಬೂಟು ಅಲ್ಲಿ ಹೂತುಹೋಗುತ್ತದೆ, ಊರವನ ಬರಿಗಾಲಿಗೆ ದಾರಿ ಗೊತ್ತಿರುತ್ತದೆ.

ಈ ನೆಲವನ್ನು ಅಳೆದು ಬಲ್ಲವರೇ ಹೋರಾಟದ ನಾಯಕರಾದರು. ಅಮಿಲ್ಕಾರ್ ಕಬ್ರಾಲ್ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಓದಿದ ಕೃಷಿ ವಿಜ್ಞಾನಿ. 1953ರಲ್ಲಿ ಪೋರ್ಚುಗೀಸ್ ಸರ್ಕಾರವೇ ಅವರಿಗೆ ಕೃಷಿ ಗಣತಿಯ ಕೆಲಸ ಒಪ್ಪಿಸಿತು. ಯಾವ ಊರಲ್ಲಿ ಎಷ್ಟು ಭತ್ತ, ಎಷ್ಟು ಶೇಂಗಾ, ಯಾವ ಜನ ಹೇಗೆ ಉಳುತ್ತಾರೆ ಎಂದು ಊರೂರು ತಿರುಗಿ ಬರೆದುಕೊಂಡರು. ನಾನೂ ಇಂಥ ಗಣತಿ ಮಾಡಿದ್ದೇನೆ. ನಮೂನೆ ತುಂಬುವಷ್ಟರಲ್ಲಿ ಮನೆಯ ಸಾಲ, ಜಗಳ, ಹಸಿವು ಎಲ್ಲವೂ ಕಿವಿಗೆ ಬಿದ್ದಿರುತ್ತದೆ. ಸರ್ಕಾರ ತನ್ನ ಎದುರಾಳಿಗೆ ಸಂಬಳ ಕೊಟ್ಟು ನಾಡು ತೋರಿಸಿದ ಹಾಗಾಯಿತು!

ಅವರು 1956ರಲ್ಲಿ ಕಟ್ಟಿದ ಪಕ್ಷ ಮೊದಲು ಪಟ್ಟಣದ ಕೂಲಿಗಳನ್ನು ನೆಚ್ಚಿತ್ತು. 1959ರ ಆಗಸ್ಟ್ 3ರಂದು ರಾಜಧಾನಿ ಬಿಸಾವ್‌ನ ಪಿಜಿಗಿತಿ ಬಂದರಿನಲ್ಲಿ ಕೂಲಿಗಾಗಿ ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಪಕ್ಷ ಹಳ್ಳಿಗೆ ಹೊರಳಿತು. 1963ರ ಜನವರಿಯಲ್ಲಿ ತಿತೆ ಎಂಬ ಊರಿನ ಪೋರ್ಚುಗೀಸ್ ಸೇನಾಠಾಣೆಯ ಮೇಲೆ ದಾಳಿಯಾಯಿತು, ಯುದ್ಧ ಶುರುವಾಯಿತು. ನಮಗೆ ಬೆಟ್ಟಗಳಿಲ್ಲ, ಜನರೇ ನಮ್ಮ ಬೆಟ್ಟ ಎಂದು ಕಬ್ರಾಲ್ ಹೇಳುತ್ತಿದ್ದರು. ಗಿನಿ ಎಂಬ ಹೆಸರಿನದೇ ಪಕ್ಕದ ಬೇರೆ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ನೆಲೆ ಸಿಕ್ಕಿದ್ದೂ ಒದಗಿಬಂತು.

ನನಗೆ ಹಿಡಿಸಿದ್ದು ಅವರ ಅಂಗಡಿಗಳು. ಬಿಡುಗಡೆಯಾದ ಹಳ್ಳಿಗಳಲ್ಲಿ ಪಕ್ಷ ಜನರ ಅಂಗಡಿಗಳನ್ನು ತೆರೆಯಿತು. ರೈತ ಭತ್ತ ತಂದು ಅಳೆದುಕೊಟ್ಟರೆ ಬದಲಿಗೆ ಬಟ್ಟೆ, ಉಪ್ಪು, ಸಾಬೂನು ಸಿಗುತ್ತಿತ್ತು. ಜನ ಯಾರದೋ ತಲೆಯೊಳಗಿನ ವಿಚಾರಕ್ಕಾಗಿ ಹೋರಾಡುವುದಿಲ್ಲ ಎಂದು 1965ರಲ್ಲಿ ಕಬ್ರಾಲ್ ಕಾರ್ಯಕರ್ತರಿಗೆ ಬರೆದಿದ್ದರು. ಉಪ್ಪಿನ ಮೂಟೆ ಹೊತ್ತುಕೊಂಡು ಬಂದವನನ್ನು ಯಾವ ಊರು ಸೈನಿಕರಿಗೆ ಹಿಡಿದುಕೊಡುತ್ತದೆ, ಹೇಳಿ?

ಇನ್ನು ಕಡೆಯ ಪ್ರಶ್ನೆ. 1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲ್ ಸ್ವಂತ ಪಕ್ಷದವರದೇ ಗುಂಡಿಗೆ ಬಿದ್ದರು. ಎಂಟು ತಿಂಗಳ ನಂತರ ಗಿನಿ-ಬಿಸಾವ್‌ನ ಮದೀನಾ ದೊ ಬೊಯೆಯಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. 1974ರ ಏಪ್ರಿಲ್‌ನಲ್ಲಿ ಯುದ್ಧದಿಂದ ಬೇಸತ್ತ ಪೋರ್ಚುಗಲ್ ಸೇನೆಯೇ ಲಿಸ್ಬನ್ ಸರ್ಕಾರವನ್ನು ಉರುಳಿಸಿತು, ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್‌ನ ಮಾನ್ಯತೆಯೂ ಬಂತು. ಆಮೇಲಿನದು ಹೇಳಲು ಹಿತವಾದ ಕಥೆಯಲ್ಲ. ಪೋರ್ಚುಗೀಸರ ಪರ ಕಾದಿದ ಅನೇಕ ಆಫ್ರಿಕನ್ ಸೈನಿಕರನ್ನು ಹೊಸ ಸರ್ಕಾರ ಗುಂಡಿಟ್ಟು ಕೊಂದಿತು. ಅಮಿಲ್ಕಾರ್ ಅವರ ತಮ್ಮ ಲೂಯಿಸ್ ಕಬ್ರಾಲ್ ಮೊದಲ ಅಧ್ಯಕ್ಷರು. 1980ರಲ್ಲಿ ಅವರನ್ನು ಗದ್ದುಗೆಯಿಂದ ಇಳಿಸಿದ ಜೋವಾವ್ ಬೆರ್ನಾರ್ದೊ ವಿಯೆರಾ, ಕಾಂಡ್ಲಾ ಕಾಡಿನ ಯುದ್ಧದಲ್ಲಿ ಹೆಸರು ಮಾಡಿದ ದಳಪತಿ.